ಸದ್ದು ಮಾಡದ ಜಾಕೆಟ್: ನಾಲ್ಕು ಚಳಿಗಾಲದ ಬಳಕೆ

ಬೇಟೆಗಾರರಿಗೆಂದು ಹೊಲಿದ ಒಂದು ಜಾಕೆಟ್ಟನ್ನು ನಾಲ್ಕು ಚಳಿಗಾಲದಿಂದ ಹಾಕುತ್ತಿದ್ದೇನೆ. ನನ್ನ ಕೈಲಿರುವುದು ಕ್ಯಾಮೆರಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ, ಕೃಷ್ಣಮೃಗ ಅಂತೂ ಅದರ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಯಲ್ಲಿದೆ. ಆದರೆ ಚಳಿಯಲ್ಲಿ ಎರಡು ಮೂರು ಗಂಟೆ ಅಲುಗಾಡದೆ ಕೂರುವ ಕೆಲಸ ಇಬ್ಬರಿಗೂ ಒಂದೇ. ಹಾಗಾಗಿ ಆ ಬಟ್ಟೆ ನನಗೂ ಹೊಂದಿಕೊಂಡಿತು.

ನಾನು ಹೋಗುವ ಜಾಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದು ಅಲ್ಲೇ. ಸಂಜೆ ಮುಂಜಾನೆ ಜಿಂಕೆಗಳು ಪಕ್ಕದ ಹೊಲಗಳಿಗೂ ಬರುತ್ತವೆ. ಪರಿಚಯದ ರೈತರೊಬ್ಬರ ಹೊಲದಲ್ಲಿ, ರಾಗಿ ಹುಲ್ಲಿನ ಮೆದೆಗೆ ಒರಗಿಕೊಂಡು ಬೆಳಗಿನ ಐದೂವರೆಗೆಲ್ಲ ಕೂತಿರುತ್ತೇನೆ. ಮಧುಗಿರಿಯಿಂದ ಅಲ್ಲಿಗೆ ಬೈಕಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಡಿಸೆಂಬರ್‌, ಜನವರಿಯಲ್ಲಿ ಬಯಲಿನ ಚಳಿ ಊರೊಳಗಿನ ಚಳಿಯ ಥರ ಇರಲ್ಲ. ಹನ್ನೆರಡು, ಹದಿಮೂರು ಡಿಗ್ರಿ ಅಂದರೆ ಕೇಳಲು ಏನೂ ಅನ್ನಿಸದು. ಒಂದು ಗಂಟೆ ಸುಮ್ನೆ ಕೂತು ನೋಡಿ, ಹಲ್ಲು ಕಟಕಟ ಅನ್ನುತ್ತದೆ. ನಡೆಯುವಾಗ ಮೈ ತಾನೇ ಬಿಸಿ ಹುಟ್ಟಿಸುತ್ತದೆ. ಕೂತಾಗ ಆ ಬಿಸಿ ನಿಂತುಹೋಗುತ್ತದೆ, ನೆಲವೂ ಕೆಳಗಿನಿಂದ ಎಳೆದುಕೊಳ್ಳುತ್ತದೆ.

ಈ ಜಾಕೆಟ್‌ಗಿಂತ ಮುಂಚೆ ನನ್ನ ಹತ್ತಿರ ಇದ್ದದ್ದು ಹೊಳೆಯುವ ನೈಲಾನ್ ಹೊದಿಕೆಯದು, ಒಳಗೆ ಬಾತುಕೋಳಿ ತುಪ್ಪಳ. ಕೈಗೆ ಹತ್ತಿಯಷ್ಟು ಹಗುರ, ತುಂಬ ಬೆಚ್ಚಗೆ. ಅದರಲ್ಲಿ ಎರಡು ತೊಂದರೆ. ಒಂದು, ಇಬ್ಬನಿ. ಬೆಳಗಿನ ಹುಲ್ಲಿನಲ್ಲಿ ತೋಳು ಒದ್ದೆಯಾದರೆ ತುಪ್ಪಳ ಉಂಡೆಕಟ್ಟಿ ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ತಾನೆ. ತುಪ್ಪಳ ಕುಸಿದರೆ ಆ ಗಾಳಿಗೆ ಜಾಗವೇ ಇರಲ್ಲ. ಎರಡನೆಯದು ಸದ್ದು. ಒಂದು ದಿನ ಕಪ್ಪು ಬೆನ್ನಿನ ದೊಡ್ಡ ಗಂಡೊಂದು ನಲವತ್ತು ಹೆಜ್ಜೆ ದೂರಕ್ಕೆ ಬಂದು ಮೇಯುತ್ತಿತ್ತು. ನಾನು ಕ್ಯಾಮೆರಾ ಎತ್ತಿದೆ. ತೋಳು ಪಕ್ಕೆಗೆ ಉಜ್ಜಿ 'ಸರ್ರ್' ಅಂದಿತು, ಅಷ್ಟೇ. ತಲೆ ಎತ್ತಿತು, ಕಿವಿ ನನ್ನ ಕಡೆ ತಿರುಗಿತು, ಮರುಕ್ಷಣ ಬಯಲೆಲ್ಲ ಖಾಲಿ. ಆ ಬೆಳಗ್ಗೆ ನನಗಾದ ಬೇಸರ ಇವತ್ತಿಗೂ ಮರೆತಿಲ್ಲ.

ಆಗ ಅಲ್ಲೇ ಕುರಿ ಬಿಟ್ಟುಕೊಂಡಿದ್ದ ಅಜ್ಜ ಹತ್ತಿರ ಬಂದರು. ಕಂಬಳಿ ಕೊಪ್ಪೆ ಹಾಕಿಕೊಂಡಿದ್ದರು. ನನ್ನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದರು. "ಇದು ಕಾಗದ ಕಣಪ್ಪಾ, ಕಿವಿ ಇರೋ ಪ್ರಾಣಿ ಹತ್ರ ಇದ್ನ ಹಾಕ್ಕೊಂಡು ಕೂತ್ರೆ ಆಯ್ತದಾ?" ಅಂದರು. "ಕಂಬಳಿ ಒದ್ದೆ ಆದ್ರೆ ಚಳಿ ಆಗಲ್ವಾ ಅಜ್ಜ?" ಅಂತ ಕೇಳಿದೆ. "ಮೇಲೆ ನೆನೀತದೆ, ಒಳಗೆ ಬೆಚ್ಚಗೇ ಇರ್ತದೆ" ಅಂದರು. ಅವರ ಮಾತು ನಿಜ. ಉಣ್ಣೆ ನೀರಿನ ಪಸೆಯನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ, ಸ್ವಲ್ಪ ಒದ್ದೆಯಾದರೂ ಬಿಸಿ ಬಿಟ್ಟುಕೊಡಲ್ಲ, ಸದ್ದೂ ಇಲ್ಲ. ಕಂಬಳಿ ಹೊದ್ದು ಕ್ಯಾಮೆರಾ ಹಿಡಿಯಲು ಕೈ ಬಿಡುವಾಗಲ್ಲ, ಇಲ್ಲದಿದ್ದರೆ ನಾನೂ ಅದನ್ನೇ ತರುತ್ತಿದ್ದೆ.

ಆಮೇಲೆ ಹುಡುಕಿದಾಗ ಸಿಕ್ಕಿದ್ದು ಇದು. ಮೇಲಿನ ಬಟ್ಟೆ ನಯವಾದ, ಸಣ್ಣ ಜುಂಗಿನ ಪಾಲಿಯೆಸ್ಟರ್, ಪೀಚ್ ಹಣ್ಣಿನ ಸಿಪ್ಪೆ ಸವರಿದ ಹಾಗಿದೆ. ಒಳಗೆ ತುಪ್ಪಳ ಇಲ್ಲ, ಪಾಲಿಯೆಸ್ಟರ್ ಎಳೆಯ ತುಂಬು. ಸ್ವಲ್ಪ ತೇವವಾದರೂ ಇದು ಅಷ್ಟಾಗಿ ಚಪ್ಪಟೆಯಾಗಲ್ಲ, ಬೇಗ ಒಣಗುತ್ತದೆ. ಅಷ್ಟೇ ಬಿಸಿಗೆ ತುಪ್ಪಳದ್ದಕ್ಕಿಂತ ತೂಕ ಜಾಸ್ತಿ, ಮಡಚಿದರೆ ಬ್ಯಾಗಿನ ಅರ್ಧ ಜಾಗ ತಿನ್ನುತ್ತದೆ. ನನಗೆ ಅದು ದೊಡ್ಡ ವಿಷಯ ಅಲ್ಲ. ಬೆಟ್ಟ ಹತ್ತುವವರಿಗೆ ದೊಡ್ಡ ವಿಷಯ.

ಬಣ್ಣ ಒಣ ಹುಲ್ಲಿನ ಕಂದು. ಎಲೆ ಚಿತ್ರದ ಮಿಲಿಟರಿ ಥರದ್ದೂ ಇತ್ತು, ನಾನೇ ಬೇಡ ಅಂದೆ. ನಸುಕಿನಲ್ಲಿ ಅಂಥ ವೇಷದಲ್ಲಿ ಹೊಲದಲ್ಲಿ ಕೂತರೆ ಊರಿನವರು ಅನುಮಾನ ಪಡುವುದು ನ್ಯಾಯವೇ. ಜಿಂಕೆಗೂ ಅದರಿಂದ ವಿಶೇಷ ಏನಿಲ್ಲ, ಅಲುಗಾಟ ಕಂಡರೆ ಸಾಕು ಅದಕ್ಕೆ. ಗೊರಸಿನ ಪ್ರಾಣಿಗಳಿಗೆ ಕೆಂಪು, ಕಿತ್ತಳೆ ಸರಿಯಾಗಿ ಗೊತ್ತಾಗಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನೀಲಿ ಜೀನ್ಸ್ ಕೂಡ ಬಿಟ್ಟೆ. ಬಟ್ಟೆ ಬೆಳ್ಳಗೆ ಹೊಳೆಯುವಂತೆ ಮಾಡುವ ಸೋಪಿನ ಪುಡಿಯೂ ಬೇಡ, ಅದರಲ್ಲಿ ಸೇರಿಸಿರುವ ಬಿಳುಪುಕಾರಕ ನೀಲಿ ಬೆಳಕನ್ನೇ ಹೆಚ್ಚು ಹೊರಚೆಲ್ಲುತ್ತದೆ.

ಇನ್ನು ಕೊರತೆ. ಈ ಬಟ್ಟೆ ಗಾಳಿ ತಡೆಯಲ್ಲ. ಬೈಕಿನ ಮೇಲೆ ಎದೆಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಮೇಲೊಂದು ರೇನ್‌ಕೋಟ್ ಹಾಕಿಕೊಂಡು ಹೋಗಿ, ಹೊಲಕ್ಕೆ ಬಂದ ಮೇಲೆ ತೆಗೆದಿಡುತ್ತೇನೆ. ದಾರಿಯಲ್ಲಿ ಕೊಡಿಗೇನಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಜಿಪ್ ಪೂರ್ತಿ ಬಿಚ್ಚುತ್ತೇನೆ. ಬೆವರು ಒಳಗೇ ಉಳಿದರೆ ಕೂತ ಹತ್ತೇ ನಿಮಿಷಕ್ಕೆ ಬೆನ್ನು ತಣ್ಣಗಾಗುತ್ತದೆ.

ಹುಲ್ಲಿನ ಮುಳ್ಳು ಇನ್ನೊಂದು ಕಾಟ. ನೈಲಾನಿಗೆ ಅಂಟದ ಮುಳ್ಳೆಲ್ಲ ಈ ಜುಂಗಿಗೆ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದು ತೋಳಿನ ಅಂಚಿನಿಂದ ಒಂದೊಂದೇ ಕೀಳುತ್ತಾ ಕೂರಬೇಕು. ಎಷ್ಟು ಕಿತ್ತರೂ ಒಂದೆರಡು ಒಳಗೆ ತೂರಿಕೊಂಡು ಮಾರನೇ ವಾರ ಮಣಿಕಟ್ಟಿಗೆ ಚುಚ್ಚುತ್ತವೆ. ಮೊದಲನೇ ವರ್ಷ ಹೊಲದವರು ಹಾಕಿದ್ದ ಬೆಂಕಿ ಹತ್ತಿರ ಕೂತು, ಒಂದು ಕಿಡಿಗೆ ಎದೆಯ ಮೇಲೆ ಕಡಲೆಕಾಳಿನಷ್ಟು ತೂತಾಯಿತು. ಪಾಲಿಯೆಸ್ಟರ್ ಸುಡುವುದಕ್ಕಿಂತ ಮೊದಲು ಕರಗುತ್ತದೆ, ಅಂಚು ಗಟ್ಟಿಯಾಗಿ ಕೂತಿದೆ. ತೇಪೆ ಹಾಕಿಸಿದ್ದೇನೆ. ಜಿಪ್ಪಿನ ಲೋಹದ ಹಿಡಿ ಕಿಣಿ ಕಿಣಿ ಅನ್ನುತ್ತಿತ್ತು, ಕಿತ್ತು ಹಾಕಿ ದಪ್ಪ ದಾರ ಕಟ್ಟಿದೆ. ಮೂರನೇ ವರ್ಷದಿಂದ ಬ್ಯಾಗಿನ ಪಟ್ಟಿ ಕೂರುವ ಭುಜದಲ್ಲಿ ಒಳತುಂಬು ತೆಳುವಾಗಿದೆ, ಅಲ್ಲಿ ಚಳಿ ತಿಳಿಯುತ್ತದೆ. ಬೇಸಿಗೆಯಲ್ಲಿ ಅದನ್ನು ಒತ್ತಿ ಮಡಚಿ ಟ್ರಂಕಿನಲ್ಲಿಟ್ಟಿದ್ದು ನನ್ನದೇ ತಪ್ಪು. ಈಗ ಹ್ಯಾಂಗರಿಗೆ ಹಾಕಿಡುತ್ತೇನೆ. ತಣ್ಣೀರು, ಸ್ವಲ್ಪ ದ್ರವ ಸೋಪು, ಹಿಂಡದೆ ನೆರಳಿನಲ್ಲಿ ಒಣಗಿಸುವುದು. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಸೋಕಿಸಲ್ಲ, ಅದರ ಎಣ್ಣೆಯಂಥ ಪದರ ಬೆವರು ಹೊರಗೆ ಹೋಗಲು ಬಿಡಲ್ಲ.

ಈ ಭುಜ ಪೂರ್ತಿ ಸೋತರೆ ಮತ್ತೆ ಇದನ್ನೇ ತರುತ್ತೇನೆ, ಆದರೆ ಒಂದು ಸೈಜ್ ದೊಡ್ಡದು. ಒಳಗೆ ಸ್ವೆಟರ್ ಹಾಕಲು ಜಾಗ ಬೇಕು. ಕೊಳ್ಳುವವರು ಅಂಗಡಿಯಲ್ಲೇ ಹಾಕಿಕೊಂಡು ಎರಡೂ ಕೈ ಕಣ್ಣಿನ ಮಟ್ಟಕ್ಕೆ ಎತ್ತಿ, ಆಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ. ಸೊಂಟ ಬರಿದಾದರೆ ಆ ಸೈಜ್ ಬೇಡ. ತೋಳನ್ನು ಕಿವಿ ಪಕ್ಕ ಉಜ್ಜಿ ನೋಡುವುದನ್ನೂ ಬಿಡಬೇಡಿ, ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ.