ಲಾರಿ ಗಾಲಿಗೆ ಪ್ಲಾಸ್ಟಿಕ್ ಜೇನುಗೂಡು: ಎರಡು ಮಳೆಗಾಲ ಕಂಡ ಮೇಲೆ

ಮೂಡಿಗೆರೆ ಕಡೆ ನಮ್ಮ ತೋಟ. ಡಾಂಬರು ರಸ್ತೆಯ ಗೇಟಿನಿಂದ ಮನೆ ಮುಂದಿನ ಕಣದವರೆಗೆ 280 ಮೀಟರ್ ಜಲ್ಲಿ ದಾರಿ. ನಡುವೆ ಒಂದು ಏರು, ಏರಿನ ತಲೆಗೇ ಒಂದು ತಿರುವು. ನಮ್ಮ ಜೀಪು, ಬೈಕು ವರ್ಷಪೂರ್ತಿ ಓಡಾಡಿದರೂ ಈ ದಾರಿಗೆ ಏನೂ ಆಗುವುದಿಲ್ಲ. ಗೊಬ್ಬರದ ಲಾರಿ ಒಂದೇ ಸಲ ಬಂದು ಹೋದರೆ ಸಾಕು, ಉದ್ದಕ್ಕೂ ಎರಡು ಗಾಲಿ ಜಾಡು, ಮುಂದಿನ ಮಳೆಗೆ ಅದೇ ಎರಡು ಕಾಲುವೆ.

ಎರಡು ವರ್ಷದ ಹಿಂದೆ ಆರಿದ್ರಾ ಮಳೆ ಹಿಡಿದ ಹೊತ್ತಿಗೆ ಸರಿಯಾಗಿ ಲಾರಿ ಬಂತು. ಗೇಟಿನ ಹತ್ತಿರವೇ ನಿಲ್ಲಿಸಪ್ಪಾ ಅಂತ ಫೋನಿನಲ್ಲಿ ಹೇಳಿದ್ದೆ. "ಏನಾಗಲ್ಲ ಸಾರ್" ಅಂದವನೇ ಹತ್ತಿಸಿಬಿಟ್ಟ. ಏರಿನಲ್ಲಿ ಹಿಂದಿನ ಗಾಲಿ ನಿಂತಲ್ಲೇ ತಿರುಗಿ ಜಲ್ಲಿಯೆಲ್ಲ ಕಾಫಿ ಗಿಡದ ಬುಡಕ್ಕೆ ಹಾರಿತು, ಮೋರಿ ಪೈಪು ಒಡೆಯಿತು, ಕೊನೆಗೆ ಟ್ರ್ಯಾಕ್ಟರ್ ಕಟ್ಟಿ ಎಳೆದೆವು. ಆ ಸಂಜೆಯೇ ಈ ಜಿಯೋಸೆಲ್ ಬಗ್ಗೆ ವಿಚಾರಿಸಲು ಶುರು ಮಾಡಿದ್ದು.

ಜಿಯೋಸೆಲ್ ಅಂದರೆ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಅಲ್ಲಲ್ಲಿ ಬೆಸೆದು ಮಾಡಿದ ಹಾಳೆ. ಮಡಚಿಕೊಂಡು ಬರುತ್ತದೆ, ಹಾರ್ಮೋನಿಯಂ ತಿದಿ ಎಳೆದ ಹಾಗೆ ಎಳೆದರೆ ಜೇನುಗೂಡಿನಂತೆ ಬಿಚ್ಚಿಕೊಳ್ಳುತ್ತದೆ. ಮೆತ್ತನೆ ನೆಲದ ಮೇಲೆ ವಾಹನ ದಾಟಿಸಲು ಅಮೆರಿಕದ ಸೇನೆಯ ಎಂಜಿನಿಯರುಗಳು 1970ರ ದಶಕದಲ್ಲಿ ಹುಡುಕಿದ ಉಪಾಯ ಇದು. ಗೂಡಿನೊಳಗೆ ಜಲ್ಲಿ ತುಂಬಿದರೆ ಲಾರಿ ಒತ್ತಿದಾಗ ಅದು ಪಕ್ಕಕ್ಕೆ ಜಾರಲು ಜಾಗವೇ ಇರುವುದಿಲ್ಲ. ಜಾಡು ಬೀಳುವುದೇ ಜಲ್ಲಿ ಪಕ್ಕಕ್ಕೆ ಸರಿಯುವುದರಿಂದ, ಅಲ್ವಾ.

ನಾನು ತರಿಸಿದ್ದು 100 ಮಿಲಿಮೀಟರ್ ಎತ್ತರದ್ದು. ಚದರ ಮೀಟರಿಗೆ 240 ರೂಪಾಯಿ ಬಿತ್ತು, ಸಾಗಣೆ ಬೇರೆ. ಮಾರುವವರು ಪೂರ್ತಿ 280 ಮೀಟರಿಗೂ ಹಾಕಿಸಿ ಅಂತ ಹಿಂದೆ ಬಿದ್ದಿದ್ದರು. ಅಷ್ಟು ದುಡ್ಡಿರಲಿಲ್ಲ. ಏರು ಮತ್ತು ತಿರುವು ಸೇರಿ 40 ಮೀಟರಿಗೆ ಮಾತ್ರ ಹಾಕಿಸಿದೆ. ಈಗ ನೋಡಿದರೆ ದುಡ್ಡಿಲ್ಲದ್ದೇ ಒಳ್ಳೆಯದಾಯಿತು. ಸಪಾಟು ಜಾಗದಲ್ಲಿ ಇದರ ಅಗತ್ಯವೇ ಇರಲಿಲ್ಲ, ಅಲ್ಲಿ ನಮ್ಮ ಶತ್ರು ಲಾರಿಯಲ್ಲ, ನೀರು.

ಕೆಲಸ ನಡೆದ ರೀತಿ ಹೇಳುತ್ತೇನೆ. ಮೊದಲು ಮೇಲಿನ ಕೆಸರು ಮಣ್ಣು ಕೆರೆದು ರೋಲರ್ ಹೊಡೆಸಿದೆವು. ಅದರ ಮೇಲೆ ಜಿಯೋಟೆಕ್ಸ್‌ಟೈಲ್, ಅಂದರೆ ಕಂಬಳಿಯಂಥ ಬಟ್ಟೆ, ನೀರು ಇಳಿಯುತ್ತದೆ, ಕೆಳಗಿನ ಜೇಡಿ ಮಣ್ಣು ಮಾತ್ರ ಮೇಲೆ ಬಂದು ಜಲ್ಲಿಗೆ ಸೇರುವುದಿಲ್ಲ. ದುಡ್ಡು ಉಳಿಸಲು ಈ ಬಟ್ಟೆ ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಆಮೇಲೆ ಹಾಳೆ ಎಳೆದು ಕಬ್ಬಿಣದ ಸರಳನ್ನು ಕೊಕ್ಕೆ ಹಾಗೆ ಬಗ್ಗಿಸಿ ನೆಲಕ್ಕೆ ಹೊಡೆದು ಕೂರಿಸಿದೆವು. ತುಂಬಿದ್ದು ಕ್ರಷರ್‌ನ 20 ಮಿಲಿಮೀಟರ್ ಜಲ್ಲಿ, ಮೂಲೆ ಮೂಲೆ ಇರುವಂಥದ್ದು. ಹೊಳೆಯ ಗುಂಡು ಕಲ್ಲು ಅಗ್ಗಕ್ಕೆ ಸಿಗುತ್ತದೆ ಅಂತ ಹಾಕಿದರೆ ಗೋಲಿಯ ಹಾಗೆ ಉರುಳುತ್ತದೆ. ಗೂಡಿನ ಮೇಲೆ ಇನ್ನೂ 50 ಮಿಲಿಮೀಟರ್ ಜಾಸ್ತಿ ಜಲ್ಲಿ ಇರಲೇಬೇಕು, ಇಲ್ಲದಿದ್ದರೆ ಗಾಲಿ ನೇರವಾಗಿ ಪ್ಲಾಸ್ಟಿಕ್ ಅಂಚನ್ನೇ ಕಚ್ಚುತ್ತದೆ. ಟಿಪ್ಪರ್ ಖಾಲಿ ಗೂಡಿನ ಮೇಲೆ ಹತ್ತಬಾರದು, ತುಂಬಿದ ಭಾಗದ ಮೇಲೇ ರಿವರ್ಸ್ ಬಂದು ಮುಂದಿನದಕ್ಕೆ ಸುರಿಯಬೇಕು. ದಾರಿ ಉಳಿಸಲು ತಂದ ಜಲ್ಲಿಯ ಮೂರು ಟಿಪ್ಪರ್‌ಗಳೇ ಕೆಳಗಿನ ಅರ್ಧ ದಾರಿಯನ್ನು ಉತ್ತು ಹಾಕಿದ್ದು ಬೇರೆ ಮಾತು.

ಮೊದಲ ಮಳೆಗಾಲದಲ್ಲಿ ಏರು ಒಂಚೂರೂ ಅಲುಗಲಿಲ್ಲ. ತಿರುವು ಮಾತ್ರ ಕೈಕೊಟ್ಟಿತು, ತಪ್ಪು ನನ್ನದೇ. ಎಲ್ಲ ಕಡೆ ಒಂದೇ ಅಗಲ, ಮೂರೂವರೆ ಮೀಟರ್ ಹಾಕಿಸಿದ್ದೆ. ಉದ್ದ ಲಾರಿ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ. ಒಳ ಅಂಚಿನ ಗೂಡು ಕಿತ್ತು ಬಂತು. ಮಾರುವವರಾಗಲಿ ಹಾಕಿದವರಾಗಲಿ ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ, ಫೋನ್ ಮಾಡಿದರೆ "ನೀವು ಅಳತೆ ಕೊಟ್ಟಿದ್ದೇ ಅಷ್ಟು" ಅಂದರು. ಆಮೇಲೆ ಒಳಗಡೆಗೆ ಇನ್ನೂ ಒಂದೂಕಾಲು ಮೀಟರ್ ಸೇರಿಸಿ, ಅಂಚಿಗೆ ದಪ್ಪ ಕಲ್ಲು ನೆಟ್ಟು ಸುಣ್ಣ ಬಳಿದೆ. ಆಗಿನಿಂದ ಅಲ್ಲಿ ಯಾರೂ ಅಂಚು ತುಳಿದಿಲ್ಲ. ಟಯರ್ ಸೀಳುವ ಭಯ ಡ್ರೈವರಿಗೂ ಇರುತ್ತದಲ್ಲ.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕಂಪನಿಯವರು ಮಾರದ ಮೂರು ಕೆಲಸ. ದಾರಿಯ ನಡುವನ್ನು ಆಮೆ ಬೆನ್ನಿನ ಹಾಗೆ ಎತ್ತರಿಸಿ ಎರಡೂ ಕಡೆ ಚರಂಡಿ ತೆಗೆಸಿದೆ. ಗೇಟಿನ ಪಕ್ಕದಲ್ಲೇ ಲಾರಿ ತಿರುಗಿಸಲು ಗಟ್ಟಿ ಜಾಗ ಮಾಡಿದೆ, ಯಾಕೆಂದರೆ ನಿಂತ ಲಾರಿಯ ಸ್ಟೇರಿಂಗ್ ತಿರುಗಿಸಿದರೆ ಗಾಲಿ ಜಲ್ಲಿಯನ್ನು ಒರಳಿನಲ್ಲಿ ರುಬ್ಬಿದ ಹಾಗೆ ರುಬ್ಬುತ್ತದೆ. ಮೂರನೆಯದು ಚೈನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟಿನ ಒಳಗೆ ಚೈನು ಬಿದ್ದಿರುತ್ತದೆ, ಮೂಟೆ ಅಲ್ಲೇ ಇಳಿಯಬೇಕು, ಅಲ್ಲಿಂದ ನಮ್ಮ ಟ್ರ್ಯಾಕ್ಟರ್. ಹಮಾಲಿ ಎರಡು ಸಲ ಕೊಡಬೇಕು, ನಿಜ. ಆದರೆ ಒಡೆದ ಮೋರಿಯ ಲೆಕ್ಕದ ಮುಂದೆ ಅದು ಏನೂ ಅಲ್ಲ.

ಭಾರದ ಲೆಕ್ಕ ಗೊತ್ತಾದ ಮೇಲಂತೂ ನನಗೆ ಚೈನಿನ ಬಗ್ಗೆ ಅನುಮಾನವೇ ಉಳಿಯಲಿಲ್ಲ. ಆರು ಗಾಲಿಯ ಲಾರಿಯ ಹಿಂದಿನ ಆ್ಯಕ್ಸಲ್ ಮೇಲೆ 10.2 ಟನ್ ಇದ್ದ ಮಿತಿಯನ್ನು ಸರ್ಕಾರ 2018ರಲ್ಲಿ 11.5 ಟನ್‌ಗೆ ಏರಿಸಿತು. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ರಸ್ತೆ ಕಟ್ಟಿ, ಲಾರಿ ಓಡಿಸಿ ಪರೀಕ್ಷೆ ಮಾಡಿದ್ದರು. ಆ್ಯಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು ಅನ್ನುವ ಲೆಕ್ಕ ಬಂದದ್ದು ಅಲ್ಲಿಂದ. ಅದು ಡಾಂಬರು, ಕಾಂಕ್ರೀಟ್ ರಸ್ತೆಯ ಲೆಕ್ಕ, ನಮ್ಮ ಜಲ್ಲಿ ದಾರಿಗೆ ಹಾಗೇ ಕೂರಿಸಲು ಆಗದು. ಆದರೂ ಬೇಸಿಗೆಯಲ್ಲಿ ಒಳಗೆ ಬಿಡುವಾಗಲೂ ನಾನೀಗ ಒಂದು ದೊಡ್ಡ ಲೋಡಿನ ಬದಲು ಎರಡು ಚಿಕ್ಕ ಲೋಡು ಕೇಳುತ್ತೇನೆ. ಕಾಫಿ ಮೂಟೆ ಹೊರಗೆ ಕಳಿಸುವುದೂ ಹಾಗೆಯೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವಸ್ತು ಚೆನ್ನಾಗಿದೆ, ಏರಿಗೂ ತಿರುವಿಗೂ ಕಣ್ಣು ಮುಚ್ಚಿ ತಗೊಳ್ಳಿ. "ಹಾಕಿ ಮರೆತುಬಿಡಿ ಸಾರ್" ಅಂದದ್ದಕ್ಕೆ ಒಂದು ಅಂಕ ಕಳೆದಿದ್ದೇನೆ, ಮರೆಯಲು ಆಗುವುದಿಲ್ಲ, ಪ್ರತಿ ಮಳೆ ಮುಗಿದ ಮೇಲೆ ಮೇಲಿನ ಜಲ್ಲಿ ಎಲ್ಲಿ ತೆಳುವಾಗಿದೆ ನೋಡಿ ಎಳೆಯಬೇಕು. ಇನ್ನರ್ಧ ಅಂಕ ತಿರುವಿನ ಸಿಟ್ಟಿಗೆ.

ಕೆಳಗಿನ ಸಪಾಟು ಭಾಗಕ್ಕೆ ಈ ವರ್ಷವೂ ಎರಡು ಟಿಪ್ಪರ್ ಜಲ್ಲಿ ಹೇಳಿದ್ದೆ. ನೆಲ ಗಟ್ಟಿ ಇರುವಾಗ ಏಪ್ರಿಲ್‌ನಲ್ಲೇ ಬಾ ಅಂತ ನಾಲ್ಕು ಸಲ ಫೋನ್ ಮಾಡಿದೆ. ಬಂದದ್ದು ಮೇ ಕೊನೆಗೆ, ಒಂದು ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ.