ಟ್ರಾನ್ಸ್‌ವೆಲ್ 0.4 ಮೈಕ್ರಾನ್ ಇನ್ಸರ್ಟ್: ಬ್ಯಾಕ್ಟೀರಿಯಾ ತಡೆಯುತ್ತೆ, ಎಲ್‌ಪಿಎಸ್ ಬಿಡುತ್ತೆ

ಬ್ಯಾಕ್ಟೀರಿಯಾ ತಾಗಿದ ಸ್ತನ ಕ್ಯಾನ್ಸರ್ ಕೋಶಗಳಿಗೆ ಮ್ಯಾಕ್ರೋಫೇಜ್‌ಗಳು (ಬ್ಯಾಕ್ಟೀರಿಯಾ ನುಂಗುವ ರೋಗನಿರೋಧಕ ಕೋಶಗಳು) ಹೇಗೆ ಸ್ಪಂದಿಸುತ್ತವೆ ಎಂದು ನೋಡುವವರಿಗೆ ಕಾರ್ನಿಂಗ್ ಕಂಪನಿಯ 6.5 ಮಿ.ಮೀ. ಇನ್ಸರ್ಟ್ (ಪ್ಲೇಟಿನ ವೆಲ್ ಅಂದರೆ ಗುಳಿಯೊಳಗೆ ಕೂರುವ, ತಳದಲ್ಲಿ ರಂಧ್ರಪೊರೆ ಇರುವ ಬಟ್ಟಲು) ಅನುಕೂಲದ ವಸ್ತು. 24 ವೆಲ್ ಪ್ಲೇಟಿಗೆ 12 ಇನ್ಸರ್ಟ್ ಬರುತ್ತವೆ, ಪೊರೆಯ ವಿಸ್ತೀರ್ಣ 0.33 ಚದರ ಸೆಂ.ಮೀ. ಪಾಲಿಕಾರ್ಬೊನೇಟ್ (ಕ್ಯಾಟಲಾಗ್ ಸಂಖ್ಯೆ 3413) ಪೊರೆಯ ಮೂಲಕ ಸೂಕ್ಷ್ಮದರ್ಶಕದಲ್ಲಿ ಕೋಶ ಸರಿಯಾಗಿ ಕಾಣುವುದಿಲ್ಲ. ಪಾಲಿಯೆಸ್ಟರ್ (3470) ಪಾರದರ್ಶಕ, ಆದರೆ ರಂಧ್ರಗಳು ತುಂಬಾ ಕಡಿಮೆ. ಕೋಶ ಅಂಟಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕಿದ್ದರೆ ಎರಡನೆಯದೇ ಸರಿ.

ಕೆಳಗೆ 600 ಮೈಕ್ರೋಲೀಟರ್ ಮೀಡಿಯಾ ಮೊದಲು ಹಾಕಿ, ಇನ್ಸರ್ಟನ್ನು ಸ್ವಲ್ಪ ಓರೆಯಾಗಿ ಇಳಿಸಿ, ಆಮೇಲೆ ಇನ್ಸರ್ಟ್ ಒಳಗೆ 100 ಮೈಕ್ರೋಲೀಟರ್. ನೇರವಾಗಿ ಇಳಿಸಿದರೆ ಪೊರೆಯ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಆ ವೆಲ್‌ನ ಫಲಿತಾಂಶ ಕೆಡುತ್ತದೆ. ಪಿಪೆಟ್ ತುದಿ ಪೊರೆಗೆ ತಾಗಿದರೆ ತೂತಾಗಬಹುದು.

ಟಿಎಚ್‌ಪಿ-1 ಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಮಾನೊಸೈಟ್ ರಕ್ತಕೋಶಗಳು) ಕೆಳಗಿನ ವೆಲ್‌ನಲ್ಲೇ ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್ ಮಾಡಿ, ಪಿಎಂಎ ತೆಗೆದು ಕನಿಷ್ಠ 24 ಗಂಟೆ ಬಿಡಿ. ಬಿಡದಿದ್ದರೆ ಸೋಂಕಿಲ್ಲದ ಕಂಟ್ರೋಲ್‌ನಲ್ಲೇ ಟಿಎನ್‌ಎಫ್ (ಮ್ಯಾಕ್ರೋಫೇಜ್ ಬಿಡುವ ಉರಿಯೂತದ ಪ್ರೋಟೀನ್) ಏರಿ ಕೂತಿರುತ್ತದೆ. ಕ್ಯಾನ್ಸರ್ ಕೋಶಗಳಿಗೆ ಬೇರೆ ಫ್ಲಾಸ್ಕ್‌ನಲ್ಲಿ, ಪೆನ್‌ಸ್ಟ್ರೆಪ್ (ಆಂಟಿಬಯಾಟಿಕ್ ಮಿಶ್ರಣ) ಇಲ್ಲದ ಮೀಡಿಯಾದಲ್ಲಿ, ಕೋಶಕ್ಕೆ 10ರಿಂದ 50ರಂತೆ ಬ್ಯಾಕ್ಟೀರಿಯಾ ಹಾಕಿ 2 ಗಂಟೆ ಇಡಿ. ಮೂರು ಸಲ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತೊಳೆತ, ಹೊರಗಿನ ಬ್ಯಾಕ್ಟೀರಿಯಾ ಕೊಲ್ಲಲು ಒಂದು ಗಂಟೆ 100 ಮೈಕ್ರೋಗ್ರಾಂ/ಮಿ.ಲೀ. ಜೆಂಟಾಮೈಸಿನ್ ಆಂಟಿಬಯಾಟಿಕ್, ಕೋಶ ಬಿಡಿಸಲು ಟ್ರಿಪ್ಸಿನ್, ನಂತರ ಸೆಂಟ್ರಿಫ್ಯೂಜ್‌ನಲ್ಲಿ 300 ಜಿ ವೇಗದಲ್ಲಿ 5 ನಿಮಿಷ ಸ್ಪಿನ್. ಈ ವೇಗಕ್ಕೆ ಕೋಶ ತಳ ಸೇರುತ್ತದೆ, ಬಿಡಿ ಬ್ಯಾಕ್ಟೀರಿಯಾ ಬಹುಪಾಲು ಮೇಲೇ ಉಳಿಯುತ್ತದೆ. ತಳದ ಕೋಶಗಳನ್ನು ಇನ್ಸರ್ಟ್ ಒಳಗೆ ಹಾಕಿ. ಪೊರೆಯ ಮೇಲೆಯೇ ಸೋಂಕು ಕೊಟ್ಟರೆ ತೊಳೆಯುವುದು ಎಂದೂ ಪೂರ್ತಿಯಾಗುವುದಿಲ್ಲ. ಫ್ಯೂಸೊಬ್ಯಾಕ್ಟೀರಿಯಂ (ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ) ಬಳಸುವವರು ಜೆಂಟಾಮೈಸಿನ್ ನಂಬಬೇಡಿ: ಅದು ಬ್ಯಾಕ್ಟೀರಿಯಾದೊಳಗೆ ಹೋಗಲು ಆಮ್ಲಜನಕ ಬಳಸುವ ಉಸಿರಾಟ ಬೇಕು, ಈ ಬ್ಯಾಕ್ಟೀರಿಯಾಕ್ಕೆ ಅದಿಲ್ಲ. ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್ ಕೊಲ್ಲುತ್ತದೆ, ಆದರೆ ಕೋಶದ ಒಳಗೆ ಹೊಕ್ಕವನ್ನೂ ಬಿಡುವುದಿಲ್ಲ.

ಇನ್ನು ಮುಖ್ಯ ತಕರಾರು. 0.4 ಮೈಕ್ರಾನ್ ಜರಡಿಯಲ್ಲಿ ಇಡೀ ಬ್ಯಾಕ್ಟೀರಿಯಾ ನಿಲ್ಲುತ್ತದೆ. ಎಲ್‌ಪಿಎಸ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ, ಮ್ಯಾಕ್ರೋಫೇಜನ್ನು ಕೆಣಕುವ ಅಣು) ಮತ್ತು ಆ ಹೊರಪೊರೆಯಿಂದ ಕಳಚುವ ಪುಟ್ಟ ಗುಳ್ಳೆಗಳಾದ ವೆಸಿಕಲ್‌ಗಳು ಸಲೀಸಾಗಿ ಇಳಿಯುತ್ತವೆ. ಟಿಎನ್‌ಎಫ್ ಏರಿತು ಎಂದ ಕೂಡಲೇ "ಕ್ಯಾನ್ಸರ್ ಕೋಶದ ಸಂಕೇತ" ಎಂದು ಬರೆಯುವುದು ಅವಸರ. ಕೋಶವೇ ಇಲ್ಲದ ಫ್ಲಾಸ್ಕ್‌ಗೂ ಬ್ಯಾಕ್ಟೀರಿಯಾ ಹಾಕಿ, ತೊಳೆತ, ಟ್ರಿಪ್ಸಿನ್, ಸ್ಪಿನ್ ಎಲ್ಲ ಮಾಡಿ, ಉಳಿದದ್ದನ್ನು ಒಂದು ಇನ್ಸರ್ಟ್‌ಗೆ ಹಾಕಿ. ಅಲ್ಲೂ ಟಿಎನ್‌ಎಫ್ ಬಂದರೆ ಅದು ಬರೀ ಉಳಿಕೆ. ಇ. ಕೋಲಿಯಾದರೆ ಎಲ್‌ಪಿಎಸ್‌ಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಪಾಲಿಮಿಕ್ಸಿನ್ ಬಿ ಹಾಕಿದ ವೆಲ್ ಕೂಡ ಇರಲಿ. ಸ್ಟ್ಯಾಫಿಲೊಕಾಕಸ್ ಆದರೆ ಅದರಿಂದ ಉಪಯೋಗವಿಲ್ಲ, ಆ ಬ್ಯಾಕ್ಟೀರಿಯಾಕ್ಕೆ ಎಲ್‌ಪಿಎಸ್ಸೇ ಇಲ್ಲ. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶದ ಜೊತೆ ಐಎಲ್-8 (ಇನ್ನೊಂದು ಉರಿಯೂತದ ಪ್ರೋಟೀನ್) ಅಳೆಯುವುದು ದಂಡ. ಆ ಕೋಶ ಯಾರೂ ಕೆಣಕದೆಯೇ ಅದನ್ನು ಸುರಿಸುತ್ತಿರುತ್ತದೆ.

ಕೋಶಕ್ಕೆ ಕೋಶ ತಾಗಿ ನಡೆಯುವುದೇನೂ ಇದರಲ್ಲಿ ಕಾಣದು. ಫ್ಯೂಸೊಬ್ಯಾಕ್ಟೀರಿಯಂನ ಫ್ಯಾಪ್2 ಪ್ರೋಟೀನ್ ಎನ್‌ಕೆ ಕೋಶದ (ಕ್ಯಾನ್ಸರ್ ಕೋಶ ಕೊಲ್ಲುವ ರೋಗನಿರೋಧಕ ಕೋಶ) ಟಿಜಿಟ್ ಗ್ರಾಹಕಕ್ಕೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುವ ಆಟ ನೋಡಬೇಕೆಂದಿದ್ದರೆ ಈ ಇನ್ಸರ್ಟ್‌ಗೆ ದುಡ್ಡು ಹಾಕಬೇಡಿ, ಕ್ಯಾನ್ಸರ್ ಕೋಶ, ಎನ್‌ಕೆ ಕೋಶ ಎರಡನ್ನೂ ಒಂದೇ ವೆಲ್‌ನಲ್ಲಿ ಬೆಳೆಸಿ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಗುರುತಿಸುವ ವಿಧಾನ) ಬೇರ್ಪಡಿಸಿ.