ಐದು ವರ್ಷ ಹಳೆಯ ಪಿಎಸ್5: ಡಿಸ್ಕ್ ಸ್ಲಾಟಿಗೆ ಕೊಟ್ಟ ಹತ್ತು ಸಾವಿರ

ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5, ಅಂದರೆ ಪಿಎಸ್5, ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ಕ್ಕೆ. ಆಗ ಡಿಸ್ಕ್ ಹಾಕುವ ಮಾದರಿಗೆ 49,990 ರೂ., ಡಿಸ್ಕ್ ಸ್ಲಾಟಿಲ್ಲದ ಡಿಜಿಟಲ್‌ಗೆ 39,990. ಈ ಯಂತ್ರದ ಮೇಲೆ ಸುರಿದ ದುಡ್ಡಿನಲ್ಲಿ ಪೂರ್ತಿ ವಸೂಲಾಗುವುದು ಆ ಮೇಲಿನ ಹತ್ತು ಸಾವಿರ, ಅದರಲ್ಲೂ ಮುಂಬೈಯಲ್ಲಿ. ಹೊಸ ದೊಡ್ಡ ಗೇಮ್ ಒಂದಕ್ಕೆ ಐದು ಸಾವಿರದ ಆಸುಪಾಸು ಬೀಳುತ್ತದೆ. ಸೋನಿಯ ಆನ್‌ಲೈನ್ ಸ್ಟೋರಿನಿಂದ ಇಳಿಸಿಕೊಂಡದ್ದು ಆಡಿ ಮುಗಿದ ಮೇಲೂ ಖಾತೆಯಲ್ಲೇ ಕೂತಿರುತ್ತದೆ. ಡಿಸ್ಕ್ ಆದರೆ ಇನ್ನೊಬ್ಬರ ಕೈ ಸೇರಿ ಮುಂದಿನ ಗೇಮಿಗೆ ದುಡ್ಡಾಗುತ್ತದೆ. ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮವರ ವಾಟ್ಸಾಪ್ ಗುಂಪುಗಳಿವೆ, ಅಲ್ಲಿ ಗಿಟ್ಟದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಇದೆ. ದಾದರ್ ಬ್ರಿಜ್ಜಿನ ಮೇಲೆ ಡಿಸ್ಕ್ ತೆಗೆದುಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಹಿಂಬದಿ ಗೀರಿದೆಯೇ ಎಂದು ನೋಡಲು ಸಂಕೋಚ ಬೇಡ. ಕೆಲವು ಪೆಟ್ಟಿಗೆಗಳಲ್ಲಿ ಡಿಸ್ಕ್ ಇರುವುದೇ ಇಲ್ಲ, ಕೋಡ್ ಬರೆದ ಚೀಟಿ ಮಾತ್ರ. ಅದನ್ನು ಒಮ್ಮೆ ಬಳಸಿದರೆ ಮುಗಿಯಿತು.

2024ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದ ತೆಳು ಪಿಎಸ್5, ಅಂದರೆ ಸ್ಲಿಮ್‌ನ ಡಿಜಿಟಲ್ ಮಾದರಿಗೆ ಡಿಸ್ಕ್ ಡ್ರೈವನ್ನು ಆಮೇಲೆ ಕೊಂಡು ಜೋಡಿಸಬಹುದು, ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕು. ಹಳೆಯ ಡಿಜಿಟಲ್‌ಗೆ ಆ ಭಾಗ್ಯವಿಲ್ಲ.

ಮುಂಬೈಯಲ್ಲಿ ಈ ಯಂತ್ರದ ವೈರಿ ಧೂಳೊಂದೇ ಅಲ್ಲ. ವನ್ ಬಿಎಚ್‌ಕೆಯಲ್ಲಿ ಒಲೆಗೂ ಟಿವಿಗೂ ಹತ್ತು ಹೆಜ್ಜೆ. ಒಗ್ಗರಣೆಯ ಎಣ್ಣೆ ಹಬೆ ಫ್ಯಾನಿನ ರೆಕ್ಕೆಗೆ ಅಂಟಿ, ಅದರ ಮೇಲೆ ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಕೂತರೆ ಊದಿದರೂ ಹೋಗದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ತೆಗೆದು ಒರೆಸಿದರೆ ಸಾಕು. ಅರೆನಿದ್ದೆಯ ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ ವೈರ್ ಕೀಳಿ. ಬಿಳಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ; ಮೂಲೆ ಸ್ವಲ್ಪ ಎತ್ತಿ ಜಾರಿಸಿದರೆ ಬರುತ್ತದೆ. ಒಳಗೆ ಧೂಳು ಸೇರಲೆಂದೇ ಬಿಟ್ಟ ತೂತುಗಳಿವೆ, ಅಲ್ಲಿಗೆ ವ್ಯಾಕ್ಯೂಮ್ ಮೂತಿ ಹಿಡಿಯಿರಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆದು, ರೆಕ್ಕೆಯನ್ನು ಬ್ರಷ್‌ನಿಂದ ಒರೆಸಿ. ಅಷ್ಟಕ್ಕೇ ನಿಲ್ಲಿಸಿ. ಚಿಪ್ ಮತ್ತು ಅದರ ಬಿಸಿ ಹೀರುವ ಹೀಟ್‌ಸಿಂಕ್ ನಡುವೆ ಇರುವುದು ಪೇಸ್ಟ್ ಅಲ್ಲ, ದ್ರವ ಲೋಹ. ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್. "ಪೇಸ್ಟ್ ಬದಲಿಸಿ ಕೊಡ್ತೀವಿ" ಎನ್ನುವ ಅಂಗಡಿಯವರಿಗೆ ಇದು ಗೊತ್ತಿದೆಯೇ ಎಂದು ಮೊದಲು ಕೇಳಿ.

ಗೇಮ್ ಇಡಲು ಹಳೆಯ ಮಾದರಿಯಲ್ಲಿರುವ 825 ಜಿಬಿ ಜಾಗದಲ್ಲಿ ಕೈಗೆ ಸಿಗುವುದು 667. ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದ ಪಿಎಸ್4 ಗೇಮ್ ಆಡಬಹುದು, ಪಿಎಸ್5ರದ್ದನ್ನು ಇಡಬಹುದಷ್ಟೇ. ಆಡಲು ಯಂತ್ರದೊಳಗಿನ ಸ್ಲಾಟಿಗೆ ಕೂರುವ ವೇಗದ ಸಂಗ್ರಹ ಪಟ್ಟಿ, ಅಂದರೆ ಎಂ.2 ಎಸ್‌ಎಸ್‌ಡಿಯೇ ಬೇಕು: ನಾಲ್ಕನೇ ತಲೆಮಾರಿನ ಪಿಸಿಐಇ ಸಂಪರ್ಕ, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು, ಹೀಟ್‌ಸಿಂಕ್ ಸೇರಿ ದಪ್ಪ 11.25 ಮಿಲಿಮೀಟರ್ ಒಳಗೆ. ಎಡವುವುದು ದಪ್ಪದಲ್ಲೇ. ಪಿಸಿಗೆಂದು ಮಾಡಿದ ದಪ್ಪ ಹೀಟ್‌ಸಿಂಕ್ ಇದ್ದರೆ ಸ್ಲಾಟಿನ ಲೋಹದ ಮುಚ್ಚಳ ಕೂರುವುದಿಲ್ಲ.

ಕಂಟ್ರೋಲರ್ ಈ ಯಂತ್ರದ ಸೊಗಸೂ ಹೌದು, ದುರ್ಬಲ ಜಾಗವೂ ಹೌದು. ಸ್ಟಿಕ್ಕಿನ ಕೆಳಗಿನ ಕಾರ್ಬನ್ ಪಟ್ಟಿ ಸವೆದಂತೆ, ಬೆರಳು ತೆಗೆದರೂ ಪರದೆಯ ಮೇಲಿನ ಪಾತ್ರ ತಾನಾಗಿ ನಡೆಯತೊಡಗುತ್ತದೆ. ಮೊದಲು ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ಐದು ಸೆಕೆಂಡ್ ಒತ್ತಿ ರೀಸೆಟ್ ಮಾಡಿ. ಗೇಮಿನಲ್ಲಿ ಡೆಡ್‌ಝೋನ್ ಸೆಟ್ಟಿಂಗ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಲೆಕ್ಕಿಸದಿರುವುದು) ಇದ್ದರೆ ತುಸು ಏರಿಸಿ. ಅದಕ್ಕೂ ಬಗ್ಗದಿದ್ದರೆ ಸ್ಟಿಕ್ ಬದಲಿಸಬೇಕು. ಒಂದೊಂದಕ್ಕೆ 14 ಸೋಲ್ಡರ್ ಬಿಂದುಗಳು, ಮನೆಯಲ್ಲಿ ಕಲಿಯುವ ಕೆಲಸವಲ್ಲ. ಹಾಕಿಸುವುದೇ ಆದರೆ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿ, ಅದರಲ್ಲಿ ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ. ಹೊಸ ಸ್ಟಿಕ್ಕಿನ ನಡುಬಿಂದು ಹೊಂದಿಸುವ ಕ್ಯಾಲಿಬ್ರೇಷನ್ ಆಯಿತೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಕರೆಂಟ್ ಸುಮಾರು 200 ವ್ಯಾಟ್. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್.

ಇನ್ನು, ಬರಲಿರುವ ಗೇಮಿಗಾಗಿ ಈಗಲೇ ಕನ್ಸೋಲ್ ಕೊಳ್ಳುವ ವಿಚಾರ. ಜಿಟಿಎ 6 ಅನ್ನು 2023ರ ಡಿಸೆಂಬರ್‌ನಲ್ಲಿ ತೋರಿಸಿ 2025ಕ್ಕೆ ಎಂದರು, ಆಮೇಲೆ 2026ರ ಮೇ 26, ಅದೂ ಹೋಗಿ ನವೆಂಬರ್ 19. ಅದಕ್ಕೆಂದೇ 2024ರಲ್ಲಿ ಪೆಟ್ಟಿಗೆ ಒಡೆದವರ ವಾರಂಟಿ ಕಾದು ಕಾದೇ ಕರಗಿತು. ತಡವಾದರೆ ಗೇಮ್ ಪಕ್ಕಾ ಆಗಿ ಬರುತ್ತದೆ ಎನ್ನುವ ಮಾತೂ ಪೂರ್ತಿ ನಿಜವಲ್ಲ. ಸೈಬರ್‌ಪಂಕ್ 2077 ಮೂರು ಸಲ ಮುಂದೆ ಹೋಗಿ 2020ರ ಡಿಸೆಂಬರ್ 10ಕ್ಕೆ ಬಂತು; ಎಂಟನೇ ದಿನಕ್ಕೆ ಸೋನಿಯೇ ತನ್ನ ಸ್ಟೋರಿನಿಂದ ತೆಗೆದು, ಮುಂದಿನ ಜೂನ್‌ವರೆಗೆ ಸೇರಿಸಲಿಲ್ಲ.

ಎಕ್ಸ್‌ಬಾಕ್ಸೋ ಪಿಎಸ್5ವೋ ಎಂಬ ಜಗಳ ಹಳಸಿದೆ. ಎಕ್ಸ್‌ಬಾಕ್ಸಿನ ಸ್ವಂತ ಸೊತ್ತಾಗಿದ್ದ ಫೋರ್ಜಾ ಹೊರೈಜನ್ 5, 2025ರ ಏಪ್ರಿಲ್‌ನಲ್ಲಿ ಪಿಎಸ್5ಕ್ಕೇ ಬಂತು. ಹಿಂದೆಯೇ ಗಿಯರ್ಸ್ ಕೂಡ. ಎಕ್ಸ್‌ಬಾಕ್ಸಿನ ಪರ ಈಗ ಉಳಿದಿರುವ ಗಟ್ಟಿ ವಾದ, ಚಂದಾ ಕಟ್ಟಿ ಹಲವು ಗೇಮ್ ಆಡುವ ಗೇಮ್ ಪಾಸ್ ಒಂದೇ, ಅದೂ ವರ್ಷಪೂರ್ತಿ ಬೇರೆ ಬೇರೆ ಗೇಮ್ ಆಡುವವರಿಗೆ. ವರ್ಷಕ್ಕೆ ನಾಲ್ಕು ಗೇಮ್ ಆಡಿ ಮಾರುವವರಿಗೆ ಡಿಸ್ಕೇ ಅಗ್ಗ.

ಪಿಎಸ್5ರ ಹೆಚ್ಚು ಶಕ್ತಿಯ ಪ್ರೋ ಮಾದರಿ 2024ರ ನವೆಂಬರ್‌ನಲ್ಲಿ ಹೊರಗೆ ಬಂದಾಗ ಇಲ್ಲಿಗೆ ಬರಲಿಲ್ಲ, ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ಅಲೆಗೆ ಇಲ್ಲಿ ಒಪ್ಪಿಗೆ ಇರಲಿಲ್ಲ. ದುಬೈಯಲ್ಲಿ ಭಾವನೋ ಚಿಕ್ಕಪ್ಪನೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಹಾಗಾಗಿ ತರಿಸುವ ಆಸೆ ಸಹಜ. ತರಿಸಿದರೆ ವಾರಂಟಿ ಅಲ್ಲಿಯದೇ, ಡಿಸ್ಕ್ ಡ್ರೈವ್ ಬೇರೆಯಾಗಿ ಕೊಳ್ಳಬೇಕು. ಅಲ್ಲಿಯ ಡಿಸ್ಕ್ ಇಲ್ಲಿ ಓಡುತ್ತದೆ, ಆದರೆ ಇಲ್ಲಿಯ ಖಾತೆಯಿಂದ ಕೊಂಡ ಗೇಮಿನ ಹೆಚ್ಚುವರಿ ಭಾಗ (ಡಿಎಲ್‌ಸಿ) ಆ ಡಿಸ್ಕಿಗೆ ಹೊಂದದೆ ಹೋಗಬಹುದು. ಗೇಮ್ ಇಲ್ಲಿಯೇ ಕೊಳ್ಳಿ, ಭಾವನ ಹತ್ತಿರ ಡ್ರೈವನ್ನೂ ತರಲು ಹೇಳಿ.